ಕೊಟ್ಟಿಗೆಯಿಂದ ರಸ್ತೆಗೆ: 1968ರ ಫಿಯೆಟ್ ಡಿಲೈಟ್ ಕಾರಿನ ದುರಸ್ತಿ ಮತ್ತು ನೋಂದಣಿ ನವೀಕರಣದ ಅನುಭವ

ಕಳೆದ ವಾರ ಅಂಚೆಯಲ್ಲಿ ನೋಂದಣಿ ಕಾರ್ಡ್ ಬಂದಿತು. ನನ್ನ ತಂದೆಯವರು 1979ರಲ್ಲಿ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಆಗಿ ಕೊಂಡು ಮಲೆನಾಡಿನ ನಮ್ಮ ಮನೆಗೆ ತಂದಿದ್ದ 1968ರ ಫಿಯೆಟ್ 1100 ಡಿಲೈಟ್ ಈಗ ಮೈಸೂರು ರಾಜ್ಯದ ಕಾಲದ ತನ್ನ ಹಳೆಯ ‘ಎಂ.ವೈ.’ ಸಂಖ್ಯೆಯನ್ನೇ ಉಳಿಸಿಕೊಂಡು ನನ್ನ ಹೆಸರಿನಲ್ಲಿ ಕಾನೂನುಬದ್ಧವಾಗಿ ರಸ್ತೆಯ ಮೇಲಿದೆ. ಇಂತಹ ಕಾರೊಂದು ಮನೆಯ ಮೂಲೆಯಲ್ಲಿ ನಿಂತಿರುವ ಕುಟುಂಬಗಳು ನಮ್ಮ ರಾಜ್ಯದಲ್ಲಿ ಬಹಳಷ್ಟಿವೆ. ಅವರಲ್ಲಿ ಯಾರಾದರೂ ಅದನ್ನು ಮನೆಯಲ್ಲೇ ಎಬ್ಬಿಸಿ ನಿಲ್ಲಿಸಬೇಕೆಂದು ಮನಸ್ಸು ಮಾಡಿದರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ, ಎಲ್ಲಿ ಕಾಯಬೇಕಾಗುತ್ತದೆ, ಎಲ್ಲಿ ಹಣ ಹೋಗುತ್ತದೆ ಎಂಬುದು ತಿಳಿದಿರಲಿ ಎಂಬ ಉದ್ದೇಶದಿಂದ, ನೆನಪು ಹಸಿಯಾಗಿರುವಾಗಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಈ ಕಾರಿನ ವಂಶಾವಳಿಯನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಯಾವ ಬಿಡಿಭಾಗ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದು ಅದರ ಮೇಲೆಯೇ ನಿಂತಿದೆ. ಮುಂಬೈಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆ 1954ರಿಂದ ಫಿಯೆಟ್ 1100 ಕಾರುಗಳನ್ನು ಹೊರತರುತ್ತಿತ್ತು. ಸೂಪರ್ ಸೆಲೆಕ್ಟ್ ಮಾದರಿಯವರೆಗೆ ಮುಂದಿನ ಬಾಗಿಲುಗಳ ತಿರುಗಣೆ ಹಿಂಭಾಗದಲ್ಲಿದ್ದು ಅವು ಹಿಮ್ಮುಖವಾಗಿ ತೆರೆದುಕೊಳ್ಳುತ್ತಿದ್ದವು. 1964ರ ಡಿಲೈಟ್‌ನಲ್ಲಿ ಬಾಗಿಲುಗಳು ಈಗಿನಂತೆ ಮುಂಭಾಗದ ತಿರುಗಣೆಗೆ ಬದಲಾದವು. ಫಿಯೆಟ್ ಜೊತೆಗಿನ ಒಪ್ಪಂದ ಮುಗಿದ ಮೇಲೆ ಇದೇ ಕಾರು ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, ಅನಂತರ ಪದ್ಮಿನಿಯಾಗಿ ಮುಂದುವರಿಯಿತು. ಹೀಗಾಗಿ ಡಿಲೈಟ್ ಇಟ್ಟುಕೊಂಡವರಿಗೆ ಒಂದು ಭಾಗ್ಯವಿದೆ: 1089 ಸಿಸಿಯ ಎಂಜಿನ್, ಗೇರ್‌ಪೆಟ್ಟಿಗೆ, ಬ್ರೇಕ್, ಮುಂದಿನ ಚಕ್ರಗಳು ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್ ಪಿನ್ ಮೊದಲಾದವುಗಳಲ್ಲಿ ಹೆಚ್ಚಿನವು ಪದ್ಮಿನಿಯವೇ ಕೂರುತ್ತವೆ. ಕೂರದಿರುವುದು ಮುಂದಿನ ಗ್ರಿಲ್, ಬಂಪರ್, ದೀಪದ ಚೌಕಟ್ಟು, ಒಳಗಿನ ಮೀಟರು, ಹಿಡಿಗಳಂಥ ಕಣ್ಣಿಗೆ ಕಾಣುವ ಭಾಗಗಳು. ಸೂಪರ್ ಸೆಲೆಕ್ಟ್ ಅಥವಾ ಅದಕ್ಕಿಂತ ಹಿಂದಿನ ಕಾರು ಇರುವವರು ಬಾಗಿಲಿನ ಯಾವ ಭಾಗಕ್ಕೂ ಪದ್ಮಿನಿಯನ್ನು ನೆಚ್ಚುವಂತಿಲ್ಲ.

ನಮ್ಮ ಕಾರು ತೊಂಬತ್ತರ ದಶಕದ ಕೊನೆಯಲ್ಲಿ ಅಡಿಕೆ ಅಟ್ಟದ ಪಕ್ಕದ ಕೊಟ್ಟಿಗೆಯಲ್ಲಿ ನಿಂತದ್ದು ಮತ್ತೆ ಹೊರಡಲಿಲ್ಲ. ತಂದೆಯವರು ತೀರಿಹೋದ ಮೇಲೆ ಗುಜರಿಯವರು ಬಂದು ಬೆಲೆ ಕೇಳಿದಾಗಲೆಲ್ಲ ಅಮ್ಮ ಬೇಡವೆಂದೇ ಹೇಳಿ ಕಳಿಸುತ್ತಿದ್ದರು. ಅಮ್ಮನಿಗೆ ವಯಸ್ಸಾಗುತ್ತಿದೆ, ಅವರು ಕುಳಿತು ಹೋಗುವಂತಾಗಬೇಕು ಎಂಬ ಆಸೆಯೇ ನನ್ನನ್ನು ಈ ಕೆಲಸಕ್ಕೆ ಇಳಿಸಿತು.

ಈ ಬರಹದಿಂದ ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ: ಸ್ಪ್ಯಾನರ್ ಹಿಡಿಯುವ ಮೊದಲು ಕಾಗದ ಹಿಡಿಯಿರಿ. ಕಾರಣವನ್ನು ವಿವರಿಸುತ್ತೇನೆ. ನೋಂದಣಿ ನವೀಕರಿಸಬೇಕಾದರೆ ಚಾಲ್ತಿಯಲ್ಲಿರುವ ವಿಮೆ ಮತ್ತು ಎಮಿಷನ್ ಪ್ರಮಾಣಪತ್ರ ಬೇಕು. ವಿಮಾ ಕಂಪನಿಯೂ ಎಮಿಷನ್ ಕೇಂದ್ರವೂ ಈಗ ‘ವಾಹನ್’ ಗಣಕ ದಾಖಲೆಗೆ ಜೋಡಣೆಯಾಗಿವೆ. ಅಲ್ಲಿ ಗಾಡಿಯ ಸಂಖ್ಯೆ ಇಲ್ಲದಿದ್ದರೆ ಅವರ ಯಂತ್ರ ಮುಂದೆ ಹೋಗುವುದೇ ಇಲ್ಲ. ತೊಂಬತ್ತರ ದಶಕದಲ್ಲೇ ನಿಂತುಹೋದ ಕಾರಿನ ವಿವರ ಕೈಬರಹದ ಬೃಹತ್ ರಿಜಿಸ್ಟರ್‌ನಲ್ಲಿ ಇರುತ್ತದೆಯೇ ಹೊರತು ಗಣಕದಲ್ಲಿ ಇರುವುದಿಲ್ಲ. ಈ ಸುತ್ತನ್ನು ಮುರಿಯುವ ಒಂದೇ ದಾರಿ, ಹಳೆಯ ರಿಜಿಸ್ಟರ್‌ನ ವಿವರವನ್ನು ಸಾರಿಗೆ ಕಚೇರಿಯವರಿಂದಲೇ ವಾಹನ್‌ಗೆ ಏರಿಸುವುದು. ಕಚೇರಿಯ ಭಾಷೆಯಲ್ಲಿ ಅದಕ್ಕೆ ಬ್ಯಾಕ್‌ಲಾಗ್ ಎಂಟ್ರಿ ಎನ್ನುತ್ತಾರೆ. ರಿಜಿಸ್ಟರ್‌ನಲ್ಲಿ ಗಾಡಿಯ ಹೆಸರೇ ಸಿಗದಿದ್ದರೆ, ಅಥವಾ ಅಲ್ಲಿರುವ ಚಾಸಿ ಸಂಖ್ಯೆ ಕಾರಿನಲ್ಲಿರುವುದಕ್ಕೆ ಹೊಂದದಿದ್ದರೆ, ಲಕ್ಷಗಟ್ಟಲೆ ಸುರಿದು ಸಿದ್ಧಪಡಿಸಿದ ಕಾರು ಅಂಗಳ ದಾಟುವುದಿಲ್ಲ.

ಹಾಗಾಗಿ ನಾನು ಮೊದಲು ಮಾಡಿದ್ದು, ರಿಜಿಸ್ಟರ್ ನಮೂದಿನ ಅಧಿಕೃತ ಪ್ರತಿಯಾದ ಬಿ ಎಕ್ಸ್‌ಟ್ರ್ಯಾಕ್ಟ್‌ಗೆ ಅರ್ಜಿ ಹಾಕುವುದು. ಗಾಡಿಯ ಮೊದಲ ಮಾಲೀಕರು, ನಂತರದ ವರ್ಗಾವಣೆಗಳು, ಚಾಸಿ ಮತ್ತು ಎಂಜಿನ್ ಸಂಖ್ಯೆ, ಬಣ್ಣ, ತೆರಿಗೆ, ಸಾಲದ ನಮೂದು ಎಲ್ಲವೂ ಅದರಲ್ಲಿ ಬರುತ್ತವೆ. ನಮ್ಮ ಗಾಡಿ ಬೆಂಗಳೂರಿನಲ್ಲಿ ಮೊದಲು ನೋಂದಣಿಯಾಗಿ ಆಮೇಲೆ ನಮ್ಮ ಜಿಲ್ಲೆಗೆ ಬಂದದ್ದರಿಂದ, ಯಾವ ಕಚೇರಿಯ ಯಾವ ಸಂಪುಟದಲ್ಲಿ ಹುಡುಕಬೇಕೆಂಬುದೇ ಮೊದಲ ಪ್ರಶ್ನೆಯಾಯಿತು. ತಂದೆಯವರ ಟ್ರಂಕಿನಲ್ಲಿ ಹಳೆಯ ಆರ್.ಸಿ. ಪುಸ್ತಕ ಮತ್ತು ತೆರಿಗೆ ಕಾರ್ಡ್ ಎರಡೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಂತೆ ಸಿಕ್ಕಿದ್ದು ದೊಡ್ಡ ಸಹಾಯ. ಪುಸ್ತಕದ ಹಿಂಬದಿಯ ಮುದ್ರೆಯಲ್ಲಿದ್ದ ದಿನಾಂಕವನ್ನು ಹಿಡಿದು ದಾಖಲೆ ಕೋಣೆಯ ನೌಕರರು ಸಂಪುಟವನ್ನು ಪತ್ತೆ ಮಾಡಿದರು. ವಾರಗಳ ಕಾಯುವಿಕೆ ಇದ್ದರೂ ಆ ಹಾಳೆ ಕೈಗೆ ಬಂದು, ಅದರಲ್ಲಿ ತಂದೆಯವರ ಹೆಸರನ್ನು ಯಾರೋ ಗುಮಾಸ್ತರ ದುಂಡನೆಯ ಅಕ್ಷರದಲ್ಲಿ ಕಂಡಾಗ ಕಾದದ್ದು ದೊಡ್ಡದೆನಿಸಲಿಲ್ಲ. ಆರ್.ಸಿ. ಪುಸ್ತಕ ಕಳೆದುಹೋಗಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ, 26ನೇ ನಮೂನೆಯಲ್ಲಿ ನಕಲು ಪ್ರತಿಗೆ ಅರ್ಜಿ ಹಾಕಬೇಕಾಗುತ್ತದೆ. ಅದಕ್ಕೂ ಬಿ ಎಕ್ಸ್‌ಟ್ರ್ಯಾಕ್ಟ್ ಇದ್ದರೆ ಕೆಲಸ ಹಗುರ.

ಇಲ್ಲಿ ನಾನು ಎಣಿಸದ ಒಂದು ತೊಡಕು ಎದುರಾಯಿತು. ರಿಜಿಸ್ಟರ್‌ನಲ್ಲಿದ್ದ ಎಂಜಿನ್ ಸಂಖ್ಯೆಯ ಒಂದು ಅಂಕಿ ಶಾಯಿ ಹರಡಿ 3 ಎಂದೂ ಓದಬಹುದು, 8 ಎಂದೂ ಓದಬಹುದು ಎಂಬಂತಿತ್ತು. ಎಂಜಿನ್ ಮೇಲಿನ ಗ್ರೀಸ್ ಒರೆಸಿ, ಸಂಖ್ಯೆಯ ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚನ್ನು, ಹಳೆಯ ಆರ್.ಸಿ.ಯ ಪ್ರತಿಯೊಂದಿಗೆ ಕೊಟ್ಟ ಮೇಲೆ ಅದು ಇತ್ಯರ್ಥವಾಯಿತು. ಅಂದಿನಿಂದ ಎರಡು ವಿಷಯಗಳನ್ನು ಕಾರಿನ ಮೇಲೆ ಕೈಯಿಡುವ ಪ್ರತಿಯೊಬ್ಬರಿಗೂ ಹೇಳುತ್ತ ಬಂದೆ. ಒಂದು, ಎಂಜಿನ್ ಬ್ಲಾಕ್ ಎಷ್ಟೇ ಹಾಳಾಗಿದ್ದರೂ ಬೇರೆ ಬ್ಲಾಕ್ ತಂದು ಕೂರಿಸಬಾರದು, ಸಾಧ್ಯವಾದ ಮಟ್ಟಿಗೆ ಇದನ್ನೇ ಉಳಿಸಬೇಕು. ಎರಡು, ನಮ್ಮ ಕಾರಿನಲ್ಲಿ ಚಾಸಿ ಸಂಖ್ಯೆ ಎಂಜಿನ್ ಹಿಂದಿನ ತಗಡಿನ ಗೋಡೆಯ ಮೇಲೆ ಒತ್ತಿರುವುದರಿಂದ ಆ ಜಾಗಕ್ಕೆ ಗ್ರೈಂಡರ್ ತಾಗಿಸಬಾರದು, ಪುಟ್ಟಿ ಹಚ್ಚಬಾರದು. ಬಣ್ಣದವರು ಸಂಖ್ಯೆಯನ್ನು ಉಜ್ಜಿ ನುಣುಪು ಮಾಡಿಬಿಟ್ಟರೆ ನಿರೀಕ್ಷಕರ ಮುಂದೆ ಯಾವ ಸಮಜಾಯಿಷಿಯೂ ನಡೆಯುವುದಿಲ್ಲ.

ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ವರ್ಗಾವಣೆ 31ನೇ ನಮೂನೆಯಲ್ಲಿ ಆಗುತ್ತದೆ. ಮರಣವನ್ನು ಮೂವತ್ತು ದಿನಗಳೊಳಗೆ ತಿಳಿಸಿ, ಮೂರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬುದು ನಿಯಮ. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರೆಲ್ಲರ ಒಪ್ಪಿಗೆಯ ಪ್ರಮಾಣಪತ್ರ ಛಾಪಾ ಕಾಗದದಲ್ಲಿ ಬೇಕಾಗುತ್ತವೆ. ನನ್ನ ಅಕ್ಕ ಹೊರರಾಜ್ಯದಲ್ಲಿರುವುದರಿಂದ ಅವಳು ಊರಿಗೆ ಬರುವ ಹಬ್ಬಕ್ಕಾಗಿ ಕಾದು ನೋಟರಿಯ ಮುಂದೆ ಸಹಿ ಮಾಡಿಸಬೇಕಾಯಿತು. “ಕಾರು ನಿನಗೇ ಇರಲಿ, ನನಗೆ ಒಂದು ಸುತ್ತು ಹಾಕಿಸು, ಸಾಕು” ಎಂದು ಸಹಿ ಹಾಕಿಕೊಟ್ಟಳು. ಒಡಹುಟ್ಟಿದವರು ಬೇರೆ ಬೇರೆ ಊರುಗಳಲ್ಲಿದ್ದರೆ ಈ ಒಪ್ಪಿಗೆ ಪತ್ರಗಳನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಇದಕ್ಕೆ ಹಿಡಿಯುವ ಸಮಯ ನಮ್ಮ ಕೈಯಲ್ಲಿರುವುದಿಲ್ಲ.

ಕಾಗದದ ಹಂತದಲ್ಲೇ ತೀರ್ಮಾನಿಸಬೇಕಾದ ಇನ್ನೊಂದು ವಿಷಯವಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಐವತ್ತು ವರ್ಷ ದಾಟಿದ, ಚಾಸಿ, ಕವಚ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಇದಕ್ಕೆ ಅರ್ಹ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಅವಧಿ ಹತ್ತು ವರ್ಷ. ಈಗಾಗಲೇ ನೋಂದಣಿಯಾಗಿರುವ ಗಾಡಿ ಹಳೆಯ ಸಂಖ್ಯೆಯನ್ನೇ ಇಟ್ಟುಕೊಳ್ಳಬಹುದು. ಮೂರನೇ ವ್ಯಕ್ತಿಯ ವಿಮೆಯ ಕಂತಿನಲ್ಲೂ ಅಂತಹ ಕಾರುಗಳಿಗೆ ಅರ್ಧದಷ್ಟು ರಿಯಾಯಿತಿ ಇದೆ. ಇದೆಲ್ಲವೂ ಆಕರ್ಷಕವೇ. ಆದರೆ ಆ ನೋಂದಣಿ ಪಡೆದ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವಿಕೆ, ದುರಸ್ತಿ ಇಂಥವಕ್ಕಲ್ಲದೆ ದಿನಬಳಕೆಗೆ ಓಡಿಸುವಂತಿಲ್ಲ. ಅಮ್ಮನನ್ನು ಸಂತೆಗೂ ನೆಂಟರ ಮನೆಯ ಮದುವೆಗೂ ಕರೆದೊಯ್ಯುವುದು ನನ್ನ ಉದ್ದೇಶವಾಗಿದ್ದರಿಂದ ಸಾಮಾನ್ಯ ನವೀಕರಣವನ್ನೇ ಆರಿಸಿಕೊಂಡೆ. ಕಾರನ್ನು ಸಂಗ್ರಹದಲ್ಲಿಟ್ಟು ವರ್ಷಕ್ಕೊಂದೆರಡು ಪ್ರದರ್ಶನಕ್ಕೆ ಒಯ್ಯುವವರಿಗೆ ವಿಂಟೇಜ್ ನೋಂದಣಿಯೇ ಲಾಭಕರ. ಯಾವುದಾದರೂ ಸರಿ, ಕೆಲಸ ಆರಂಭಿಸುವ ಮುನ್ನವೇ ನಿರ್ಧರಿಸಿ.

ಗಾಡಿಯ ವಿವರ ವಾಹನ್‌ನಲ್ಲಿ ಕಾಣಿಸಿಕೊಂಡ ಮೇಲೆಯೇ ಕೊಟ್ಟಿಗೆಯ ಕಡೆ ತಿರುಗಿದೆ. ನೆಲಕ್ಕೆ ಸಿಮೆಂಟ್ ಹಾಕಿಸಿ, ಎಂಜಿನ್ ಎತ್ತಲು ಒಂದು ಟನ್ನಿನ ಚೈನ್ ಬ್ಲಾಕ್ ನೇತುಹಾಕುವಂತೆ ತೊಲೆಗೆ ಕಬ್ಬಿಣದ ಆಧಾರ ಕೊಡಿಸಿದೆ. ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ಎಂದಿಗೂ ನುಗ್ಗಬಾರದು. ನಾಲ್ಕು ಗಟ್ಟಿ ಸ್ಟ್ಯಾಂಡ್‌ಗಳಿಗೆ ಮೊದಲು ಹಣ ಹಾಕಿ, ಉಳಿದ ಸಾಮಾನು ಆಮೇಲೆ. ಫಿಯೆಟ್ ಇಟಲಿಯ ವಿನ್ಯಾಸವಾದ್ದರಿಂದ ನಟ್ಟು ಬೋಲ್ಟುಗಳೆಲ್ಲ ಮಿಲಿಮೀಟರ್ ಅಳತೆಯವು, ಸಾಮಾನ್ಯ ಸ್ಪ್ಯಾನರ್ ಸೆಟ್ ಸಾಕು. ಅಂಬಾಸಡರ್ ಅಥವಾ ಹಳೆಯ ಜೀಪ್ ಇರುವವರು ಇಂಚಿನ ಅಳತೆಯ ಸೆಟ್ ತೆಗೆದುಕೊಳ್ಳಬೇಕು. ಹತ್ತಿರದ ಮಿಲಿಮೀಟರ್ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಬೋಲ್ಟಿನ ಮೂಲೆ ಸವೆದು ಕೊನೆಗೆ ಉಳಿಯಿಂದ ಕಡಿಯಬೇಕಾಗುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಒಂದು, ಮರಳಿನ ಬಕೆಟ್ ಎರಡು ಬಾಗಿಲ ಬಳಿ ಸದಾ ಇರಲಿ. ಬಿಚ್ಚುವ ಪ್ರತಿ ಭಾಗದ ಫೋಟೊ ತೆಗೆದು, ಬೋಲ್ಟುಗಳನ್ನು ಚೀಟಿ ಅಂಟಿಸಿದ ಚೀಲಗಳಲ್ಲಿ ಹಾಕಿಡುವುದು ಬೇಸರದ ಕೆಲಸವೆನಿಸಬಹುದು. ಆದರೆ ಬಿಚ್ಚುವುದಕ್ಕೂ ಜೋಡಿಸುವುದಕ್ಕೂ ನಡುವೆ ಮಳೆಗಾಲಗಳು ಕಳೆದುಹೋಗುವಾಗ ನೆನಪೊಂದನ್ನೇ ನಂಬುವಂತಿಲ್ಲ.

ನನ್ನ ಜೊತೆಗಿದ್ದವರು ಪೇಟೆಯಲ್ಲಿ ಎಪ್ಪತ್ತರ ದಶಕದಿಂದ ಫಿಯೆಟ್ ಕೆಲಸ ಮಾಡಿ ಈಗ ಗ್ಯಾರೇಜನ್ನು ಮಗನಿಗೆ ಬಿಟ್ಟುಕೊಟ್ಟಿರುವ ಹಿರಿಯ ಮೇಸ್ತ್ರಿಯೊಬ್ಬರು. ಮೊದಲ ದಿನ ಅವರು ಕಾರಿನ ಸುತ್ತ ನಡೆದು, ಬಾಗಿಲಿನ ಕೆಳಗಿನ ಅಂಚನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ, “ಎಂಜಿನ್ ಬಗ್ಗೆ ಹೆದರಬೇಡಿ ಮಾರಾಯ್ರೆ, ಅದು ಏಳುತ್ತದೆ. ತಗಡು ನೋಡಿ, ಅಲ್ಲಿದೆ ನಿಮ್ಮ ಖರ್ಚು” ಎಂದರು. ಅದು ಅಕ್ಷರಶಃ ನಿಜವಾಯಿತು. ಈ ಕಾರಿಗೆ ಲಾರಿ, ಜೀಪುಗಳಂತೆ ಪ್ರತ್ಯೇಕ ಚಾಸಿ ಚೌಕಟ್ಟಿಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿಗಳು, ಕಂಬಗಳು ಸೇರಿಯೇ ಭಾರವನ್ನೆಲ್ಲ ಹೊರುತ್ತವೆ. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿದ್ದ ನೆಲದ ಮೇಲಿನ ರಬ್ಬರ್ ಹಾಸನ್ನು ಎತ್ತಿದಾಗ ತಗಡು ಹಪ್ಪಳದಂತೆ ಮುರಿದು ಕೈಗೆ ಬಂದಿತು. ಹಿಂದಿನ ಪಟ್ಟಾ ಸ್ಪ್ರಿಂಗ್ ಹಿಡಿದಿರುವ ಜಾಗದಲ್ಲೂ ಒಂದು ಬದಿ ತುಕ್ಕು ತಿಂದಿತ್ತು. ಹಳೆಯ ಕಾರು ಕೊಳ್ಳಲು ಹೊರಟವರು ಬಣ್ಣ, ಎಂಜಿನ್ ಸದ್ದುಗಳಿಗೆ ಮರುಳಾಗದೆ ಈ ಎರಡು ಜಾಗಗಳನ್ನು ಚುಚ್ಚಿ ನೋಡಿ ಬೆಲೆ ಕಟ್ಟಬೇಕು.

ಮಳೆಗಾಲ ಹತ್ತಿರವಿದ್ದುದರಿಂದ ತಗಡನ್ನು ಮುಟ್ಟದೆ ಎಂಜಿನ್ ಕೆಲಸ ಹಿಡಿದೆವು. ಎಂಜಿನ್ ಕಚ್ಚಿಕೊಂಡಿತ್ತು. ಪ್ಲಗ್ ರಂಧ್ರಗಳ ಮೂಲಕ ಡೀಸೆಲ್ ಮತ್ತು ಗೇರ್ ಆಯಿಲ್ ಮಿಶ್ರಣ ಸುರಿದು, ಆಗಾಗ ಮತ್ತೆ ತುಂಬಿಸುತ್ತ, ದಿನಗಳ ಮೇಲೆ ಫ್ಲೈವೀಲ್ ಹಲ್ಲಿಗೆ ಮೀಟುಗೋಲು ಹಾಕಿ ಮೆಲ್ಲಗೆ ಅಲುಗಾಡಿಸಿದಾಗ ಅದು ಬಿಟ್ಟುಕೊಟ್ಟಿತು. ಇಂತಹ ಎಂಜಿನ್ನನ್ನು ಗಾಡಿ ಎಳೆದು ಅಥವಾ ಸ್ಟಾರ್ಟರ್ ಒತ್ತಿ ತಿರುಗಿಸಲು ಹೋಗಬೇಡಿ. ರಿಂಗ್ ಮುರಿದು ಸಿಲಿಂಡರ್ ಗೋಡೆ ಗೀರಿಹೋಗುತ್ತದೆ. ಬಿಚ್ಚಿ ನೋಡಿದಾಗ ಎರಡು ಸಿಲಿಂಡರ್‌ಗಳಲ್ಲಿ ತುಕ್ಕು ಗುಳಿ ಬಿದ್ದಿತ್ತು. ನಾಲ್ಕಕ್ಕೂ ಒಳಗೆ ಹೊಸ ಲೋಹದ ಕೊಳವೆ (ಸ್ಲೀವ್) ಹಾಕಿಸಿ ಮೂಲದ 68 ಮಿಲಿಮೀಟರ್ ವ್ಯಾಸಕ್ಕೇ ತಂದೆವು. ಹೀಗೆ ಮಾಡಿದ್ದರಿಂದ ಮೂಲ ಬ್ಲಾಕೂ ಅದರ ಸಂಖ್ಯೆಯೂ ಉಳಿದವು.

ಪಿಸ್ಟನ್ನುಗಳ ಏರಿಳಿತವನ್ನು ತಿರುಗುವಿಕೆಯಾಗಿಸುವ ದಂಡವಾದ ಕ್ರ್ಯಾಂಕ್ ವಿಷಯದಲ್ಲಿ ಮಾತ್ರ ಬಹಳ ದಿನ ಕಳೆದವು. ಒಂದು ಲೇತ್ ಅಂಗಡಿಯಲ್ಲಿ 10 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ) ಗ್ರೈಂಡ್ ಮಾಡಿಸಿ ತಂದ ಕ್ರ್ಯಾಂಕನ್ನು ಮೂರು ಮುಖ್ಯ ಬೇರಿಂಗುಗಳಲ್ಲಿ ಕೂರಿಸಿ, ಮೇಸ್ತ್ರಿಯವರು ಕ್ಯಾಪ್‌ಗಳನ್ನು ಒಂದೊಂದಾಗಿ ಬಿಗಿಯುತ್ತ ಪ್ರತಿ ಸಲವೂ ಕೈಯಿಂದ ತಿರುಗಿಸಿ ನೋಡಿದರು. ಮಧ್ಯದ ಕ್ಯಾಪ್ ಬಿಗಿದ ಕೂಡಲೇ ಕ್ರ್ಯಾಂಕ್ ನಿಂತುಬಿಟ್ಟಿತು. ಮೈಕ್ರೊಮೀಟರ್ ಹಿಡಿದಾಗ ಅಲ್ಲಿ ಬೇರಿಂಗಿನೊಳಗೆ ಕೂರುವ ಭಾಗ (ಜರ್ನಲ್) ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣ ಇತ್ತು. ಬೇರೆ ಅಂಗಡಿಯಲ್ಲಿ 20 ಥೌಗೆ ಮತ್ತೆ ಗ್ರೈಂಡ್ ಮಾಡಿಸಿ, ಆ ಅಳತೆಯ ಬೇರಿಂಗ್ ಸೆಟ್ಟಿಗಾಗಿ ಕಾದು, ಹಣವನ್ನು ಎರಡನೇ ಬಾರಿ ಕೊಟ್ಟೆವು. ಲೇತಿನಿಂದ ಬಂದ ಯಾವ ಭಾಗವನ್ನೂ ಅಳೆಯದೆ ಜೋಡಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅಂದು ಮೇಸ್ತ್ರಿಯವರ ತಾಳ್ಮೆ ಇಲ್ಲದಿದ್ದರೆ ಹೊಸ ಬೇರಿಂಗುಗಳೆಲ್ಲ ಮೊದಲ ಸ್ಟಾರ್ಟಿನಲ್ಲೇ ಸುಟ್ಟುಹೋಗುತ್ತಿದ್ದವು.

ಬಿಡಿಭಾಗಗಳ ಹುಡುಕಾಟದಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯ ಹಳೆಯ ಅಂಗಡಿಗಳು ನನ್ನ ಕೈಹಿಡಿದವು. ಗ್ಯಾಸ್ಕೆಟ್ ಸೆಟ್, ವ್ಹೀಲ್ ಸಿಲಿಂಡರ್ ಕಿಟ್, ಕ್ಲಚ್ ಪ್ಲೇಟ್, ಕಿಂಗ್ ಪಿನ್, ವಾಟರ್ ಪಂಪ್ ಕಿಟ್ ಈಗಲೂ ಸಿಗುತ್ತವೆ. ಶಿವಾಜಿನಗರದ ಗುಜರಿಯಲ್ಲಿ ತಾಳ್ಮೆಯಿಂದ ಹುಡುಕಿದರೆ ಹಳೆಯ ಸೊಲೆಕ್ಸ್ ಕಾರ್ಬುರೇಟರ್, ಗಾಜು ಎತ್ತುವ ಯಂತ್ರಗಳಂಥ ಸಾಮಾನು ಅಪರೂಪಕ್ಕೆ ದೊರೆಯುತ್ತವೆ. ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ಅವುಗಳಿಗಾಗಿಯೇ ಒಂದು ದೊಡ್ಡ ಮಾರುಕಟ್ಟೆ ಜೀವಂತವಾಗಿತ್ತು. 2003ರಲ್ಲಿ ನೋಂದಣಿಯಾದ ಕೊನೆಯ ಟ್ಯಾಕ್ಸಿಯೂ ಇಪ್ಪತ್ತು ವರ್ಷದ ಮಿತಿ ತಲುಪಿ 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಸರಿದ ಮೇಲೆ, ವ್ಯಾಪಾರಿಗಳು ಹೊಸ ಮಾಲು ತರಿಸುವುದನ್ನು ಕಡಿಮೆ ಮಾಡಿದ್ದಾರೆಂದು ಅಂಗಡಿಯವರೇ ಹೇಳಿದರು. ಹಾಗಾಗಿ ಬೇಗ ಸವೆಯುವ ಭಾಗಗಳನ್ನು ಒಂದೊಂದು ಜೊತೆ ಹೆಚ್ಚಾಗಿಯೇ ಕೊಂಡಿಟ್ಟಿದ್ದೇನೆ. ಡಿಲೈಟ್‌ನ ಗ್ರಿಲ್ ಮಾತ್ರ ಎಲ್ಲಿಯೂ ಸಿಗಲಿಲ್ಲ; ಮುರಿದಿದ್ದ ನಮ್ಮದನ್ನೇ ಬೆಸುಗೆ ಹಾಕಿಸಿ ಉಳಿಸಿಕೊಂಡೆವು. ಹಳೆಯದು ಎಷ್ಟೇ ಹಾಳಾಗಿದ್ದರೂ, ಬದಲಿ ಕೈಗೆ ಬಂದು ಕೂತು ಹೊಂದುವವರೆಗೆ ಎಸೆಯಬೇಡಿ.

ಮಳೆ ನಿಂತ ಮೇಲೆ ತಗಡಿನ ಕೆಲಸ, ಅಂದರೆ ಟಿಂಕರಿಂಗ್ ಆರಂಭವಾಯಿತು. ಕಾರಿನ ಹೊಟ್ಟೆಯ ತಗಡನ್ನು ಕತ್ತರಿಸುವ ಮೊದಲು ಬಾಗಿಲ ಚೌಕಟ್ಟುಗಳ ನಡುವೆ ಕಬ್ಬಿಣದ ಪೈಪುಗಳನ್ನು ಅಡ್ಡಲಾಗಿ ಬೆಸೆದು ಬಿಗಿ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಕತ್ತರಿಸಿದ ಕೂಡಲೇ ದೇಹ ನಡುವಿನಲ್ಲಿ ಕುಸಿದು, ಆಮೇಲೆ ಎಷ್ಟೇ ಹೆಣಗಿದರೂ ಬಾಗಿಲುಗಳು ಮುಚ್ಚುವುದಿಲ್ಲ. ಸುಮಾರು 0.9 ಮಿಲಿಮೀಟರ್ ದಪ್ಪದ 20 ಗೇಜ್ ತಗಡಿನಲ್ಲಿ ನೆಲವನ್ನೂ, ಅದಕ್ಕಿಂತ ದಪ್ಪದ 18 ಗೇಜ್ ತಗಡಿನಲ್ಲಿ ಸ್ಪ್ರಿಂಗ್ ಹಿಡಿಯುವ ಜಾಗವನ್ನೂ ಕಟ್ಟಿದೆವು. ಗ್ಯಾಸ್ ವೆಲ್ಡಿಂಗ್ ಶಾಖಕ್ಕೆ ತೆಳುವಾದ ತಗಡು ಅಲೆಅಲೆಯಾಗಿ ಸೊಟ್ಟಗಾಗುವುದರಿಂದ, ವಿದ್ಯುತ್ತಿನಿಂದ ತಂತಿ ಕರಗಿಸಿ ಬೆಸೆಯುವ ಮಿಗ್ ಯಂತ್ರದಲ್ಲಿ ಚುಕ್ಕೆ ಚುಕ್ಕೆಯಾಗಿ, ಒಂದು ಚುಕ್ಕೆ ಇಲ್ಲಿ, ಇನ್ನೊಂದು ದೂರದಲ್ಲಿ ಎಂಬಂತೆ ಬೆಸೆಯಬೇಕು. ತೂತಿನ ಮೇಲೆ ತಗಡಿನ ತುಂಡು ಹೊದಿಸಿ ಪುಟ್ಟಿ ತುಂಬಿ ಕೊಡುತ್ತೇನೆ, ಅರ್ಧ ಖರ್ಚಿನಲ್ಲಿ ಮುಗಿಯುತ್ತದೆ ಎನ್ನುವವರು ಸಿಗುತ್ತಾರೆ. ಮಲೆನಾಡಿನ ತೇವಕ್ಕೆ ಅದು ಬಹಳ ಕಾಲ ಬಾಳುವುದಿಲ್ಲ. ಒಳಗಿನ ಟೊಳ್ಳುಗಳಿಗೆಲ್ಲ ತುಕ್ಕು ತಡೆಯುವ ಮೇಣದ ದ್ರಾವಣ ಸಿಂಪಡಿಸಿ, ನೀರು ಇಳಿದುಹೋಗಲು ಕಾರ್ಖಾನೆಯವರು ಬಿಟ್ಟಿದ್ದ ರಂಧ್ರಗಳನ್ನು ತೆರೆದೇ ಇಟ್ಟೆವು.

ಬಣ್ಣವನ್ನು ಮನೆಯಲ್ಲಿ ಹೊಡೆಯಲಿಲ್ಲ. ಈಗಿನ ಎರಡು ಭಾಗ ಬೆರೆಸುವ ಪಿ.ಯು. (ಪಾಲಿಯುರೆಥೇನ್) ಬಣ್ಣಗಳ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ; ಅದರ ಆವಿ ಶ್ವಾಸಕೋಶಕ್ಕೆ ಮಾಡುವ ಹಾನಿಯನ್ನು ಬಟ್ಟೆಯ ಮಾಸ್ಕಾಗಲಿ ಧೂಳಿನ ಮಾಸ್ಕಾಗಲಿ ತಡೆಯುವುದಿಲ್ಲ. ಹೊರಗಿನ ಗಾಳಿ ಪೂರೈಸುವ ಮುಖವಾಡ ಮತ್ತು ಬಣ್ಣ ಹೊಡೆಯಲೆಂದೇ ಇರುವ ಮುಚ್ಚಿದ ಕೋಣೆ (ಬೂತ್) ಇರುವವರಿಗೇ ಈ ಕೆಲಸ ಒಪ್ಪಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮಳೆಗಾಲದಲ್ಲಿ ಬಣ್ಣ ಹೊಡೆಸಲೇಬಾರದು. ದೀಪಾವಳಿ ಕಳೆದು ಗಾಳಿ ಒಣಗುವವರೆಗೆ ಪ್ರೈಮರ್ ಬಳಿದ ಕಾರನ್ನು ಹಾಗೆಯೇ ನೋಡುತ್ತ ಕುಳಿತ ವಾರಗಳು ಇಡೀ ಪ್ರಯಾಣದಲ್ಲೇ ಹೆಚ್ಚು ಮನಸ್ಸು ಕುಗ್ಗಿಸಿದ ದಿನಗಳು. ಅಷ್ಟು ಹೊತ್ತಿಗೆ ಹಣ ಎಣಿಸಿದ್ದಕ್ಕಿಂತ ಮೀರಿತ್ತು, ಕಣ್ಣಿಗೆ ಕಾಣುವಂಥದ್ದು ಏನೂ ಇರಲಿಲ್ಲ. ಬಿ ಎಕ್ಸ್‌ಟ್ರ್ಯಾಕ್ಟ್‌ನಲ್ಲಿ ನಮೂದಾಗಿದ್ದ ಬೂದು ಬಣ್ಣವನ್ನೇ ಹೊಡೆಸಿದೆವು. ಬೇರೆ ಬಣ್ಣ ಬೇಕೆಂದರೆ ನೋಂದಣಿ ದಾಖಲೆಯಲ್ಲೂ ಬದಲಾಯಿಸಬೇಕಾಗುತ್ತದೆ ಎಂಬುದನ್ನು ಗಮನಿಸಿ.

ಬ್ರೇಕ್ ವಿಷಯದಲ್ಲಿ ಎಳ್ಳಷ್ಟೂ ರಾಜಿ ಬೇಡ. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್, ಎಲ್ಲಕ್ಕೂ ಸೇರಿ ಒಂದೇ ಎಣ್ಣೆಯ ಸುತ್ತು. ಎಲ್ಲಿಯಾದರೂ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರಗಳ ಬ್ರೇಕ್ ಒಟ್ಟಿಗೇ ಹೋಗುತ್ತದೆ. ಹಾಗಾಗಿ ಮಾಸ್ಟರ್ ಸಿಲಿಂಡರ್, ಎಲ್ಲ ವ್ಹೀಲ್ ಸಿಲಿಂಡರ್, ಹೋಸ್, ಕೊಳವೆಗಳನ್ನು ಪೂರ್ತಿ ಹೊಸದಾಗಿ ಹಾಕಿದೆವು. ಬಟ್ಟೆ ಸುತ್ತಿದ ಹಳೆಯ ವೈರಿಂಗನ್ನೂ ಪೂರ್ತಿ ತೆಗೆಸಿದೆವು. ಪೆಟ್ರೋಲ್ ಟ್ಯಾಂಕ್ ಬಗ್ಗೆ ಒಂದು ಎಚ್ಚರಿಕೆ: ವರ್ಷಗಳಿಂದ ಖಾಲಿ ಇದ್ದ ಟ್ಯಾಂಕಿನಲ್ಲೂ ಆವಿ ಉಳಿದಿರುತ್ತದೆ, ಅದಕ್ಕೆ ಬೆಸುಗೆ ಹಾಕುವುದು ಪ್ರಾಣಾಪಾಯ. ರೇಡಿಯೇಟರ್ ಕೆಲಸದವರಿಂದ ತೊಳೆಸಿ, ನೀರು ತುಂಬಿಸಿಟ್ಟೇ ಬೆಸೆಸಬೇಕು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರಷ್ಟು ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಕೊಳವೆಗಳೂ ಪಂಪಿನ ಡಯಾಫ್ರಾಮ್ ಕೂಡ ಮೆತ್ತಗಾಗಿ ಬಿರುಕು ಬಿಡುತ್ತವೆ. ಎಥನಾಲ್ ತಡೆಯುವ ಹೋಸ್ ಎಂದು ಕೇಳಿಯೇ ಕೊಳ್ಳಿ.

ಎಂಜಿನ್ ಮೊದಲ ಬಾರಿಗೆ ಹೊತ್ತಿಕೊಂಡದ್ದು ಒಂದು ಸಂಜೆ. ಅಮ್ಮ ಅಡುಗೆಮನೆಯಿಂದ ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ಸದ್ದು ಸಮವಾದ ಮೇಲೆ, “ಅದೇ ಸದ್ದು. ಅವರು ಗೇಟಿನ ತಿರುವಿಗೆ ಬಂದಾಗ ಹೀಗೇ ಕೇಳುತ್ತಿತ್ತು” ಎಂದರು. ಮೇಸ್ತ್ರಿಯವರು ಮಾತನಾಡದೆ ಕಾರ್ಬುರೇಟರ್‌ನ ಸ್ಕ್ರೂ ಸರಿಪಡಿಸುತ್ತಲೇ ಇದ್ದರು. ನನಗೂ ಬಹಳ ಹೊತ್ತು ಮಾತು ಬರಲಿಲ್ಲ.

ಖರ್ಚಿನ ವಿಷಯವನ್ನು ಮುಚ್ಚಿಡದೆ ಹೇಳುತ್ತೇನೆ. ತಗಡು ಮತ್ತು ಬಣ್ಣಕ್ಕೆ ಒಂದು ಲಕ್ಷ ಅರುವತ್ತು ಸಾವಿರದಷ್ಟು, ಎಂಜಿನ್ ಮತ್ತು ಗೇರ್‌ಪೆಟ್ಟಿಗೆಗೆ ಎಂಬತ್ತು ಸಾವಿರ, ಬ್ರೇಕ್, ಸಸ್ಪೆನ್ಷನ್ ಮತ್ತು 5.20-14 ಅಳತೆಯ ಟೈರುಗಳಿಗೆ ಐವತ್ತು ಸಾವಿರ, ಸೀಟು ಮತ್ತು ಒಳಹೊದಿಕೆಗೆ ಮೂವತ್ತೈದು, ಬಂಪರ್‌ಗಳ ಕ್ರೋಮ್ ಲೇಪನಕ್ಕೆ ಇಪ್ಪತ್ತೆಂಟು, ವೈರಿಂಗ್‌ಗೆ ಹದಿನಾಲ್ಕು ಸಾವಿರ. ಕೊಟ್ಟಿಗೆಯ ಸಿದ್ಧತೆ ಮತ್ತು ಉಪಕರಣಗಳಿಗೆ ಮತ್ತೆ ಅರುವತ್ತು ಸಾವಿರದ ಹತ್ತಿರ. ಮೇಸ್ತ್ರಿಯವರು ಸ್ನೇಹಕ್ಕಾಗಿ ತೆಗೆದುಕೊಂಡದ್ದು ಅಲ್ಪ. ಪೂರ್ತಿ ಕೂಲಿ ಕೊಡುವವರಿಗೆ ಇದು ಇನ್ನೂ ಹೆಚ್ಚಾಗುತ್ತದೆ. ಇಷ್ಟು ಹಣ ಹಾಕಿದ ಕಾರನ್ನು ಮಾರಿದರೆ ಹಾಕಿದ್ದು ಮರಳುತ್ತದೆಂಬ ಲೆಕ್ಕ ಇಟ್ಟುಕೊಂಡು ಯಾರೂ ಈ ಕೆಲಸಕ್ಕೆ ಇಳಿಯಬಾರದು.

ಕೊನೆಯ ಹಂತ ಮತ್ತೆ ಕಾಗದದ್ದು. ಮೊದಲು ವಿಮೆ: ಸಾವಿರದಿಂದ ಒಂದೂವರೆ ಸಾವಿರ ಸಿಸಿಯ ಖಾಸಗಿ ಕಾರಿಗೆ ಮೂರನೇ ವ್ಯಕ್ತಿಯ ವಿಮೆಯ ವಾರ್ಷಿಕ ಕಂತು 3,416 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಆನ್‌ಲೈನ್‌ನಲ್ಲಿ ಕಾರಿನ ಮಾದರಿಯೇ ಪಟ್ಟಿಯಲ್ಲಿ ಕಾಣದ ಕಾರಣ ಶಾಖೆಗೇ ಹೋಗಿ, ಅವರ ಪರಿಶೀಲಕರಿಂದ ಫೋಟೊ ತೆಗೆಸಿ ಪಡೆಯಬೇಕಾಯಿತು. ಆಮೇಲೆ ಎಮಿಷನ್: ಇಷ್ಟು ಹಳೆಯ ಪೆಟ್ರೋಲ್ ಕಾರುಗಳಿಗೆ ಇಂಗಾಲದ ಮಾನಾಕ್ಸೈಡ್ ಶೇ. 3ರೊಳಗೆ, ಹೈಡ್ರೊಕಾರ್ಬನ್ 1,500 ಪಿಪಿಎಂ ಒಳಗೆ ಇರಬೇಕು. ಮೊದಲ ಅಳತೆ ಮಿತಿಯನ್ನು ಮೀರಿತ್ತು. ಗಾಡಿಯನ್ನು ಅರ್ಧ ಗಂಟೆ ಬಿಸಿ ಮಾಡಿ, ಐಡಲ್ ಮಿಶ್ರಣದ ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ಒಳಗೆ ತಿರುಗಿಸುತ್ತ ಹೋದಾಗ ಮಿತಿಯೊಳಗೆ ಬಂದಿತು. ತಣ್ಣಗಿನ ಎಂಜಿನ್ನನ್ನು ಪರೀಕ್ಷೆಗೆ ಒಯ್ಯಬೇಡಿ.

ನವೀಕರಣದ ಅರ್ಜಿ 25ನೇ ನಮೂನೆಯಲ್ಲಿ. ನಾನು ಈ ಕೆಲಸ ಆರಂಭಿಸಿದಾಗ ಹಳೆಯ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ ಇತ್ತು; 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ ಅದು 10,000 ಆಯಿತು. ಇದರ ಮೇಲೆ ಹಸಿರು ತೆರಿಗೆ, ವರ್ಗಾವಣೆ ಶುಲ್ಕ, ಕಾರ್ಡ್ ಶುಲ್ಕ ಮತ್ತು ತಿಂಗಳಿಗೆ 500 ರೂಪಾಯಿಯಂತೆ ವಿಳಂಬ ಶುಲ್ಕ ಸೇರುತ್ತವೆ. ವಿಮೆಯೂ ಪ್ರಮಾಣಪತ್ರಗಳೂ ಸೇರಿ ಕಾಗದದ ಬಾಬ್ತೇ ನಲವತ್ತು ಸಾವಿರ ದಾಟಿತು. ವಿಳಂಬ ಶುಲ್ಕವನ್ನು ಯಾವ ದಿನಾಂಕದಿಂದ ಲೆಕ್ಕ ಹಾಕುತ್ತಾರೆಂಬುದನ್ನು ಬ್ಯಾಕ್‌ಲಾಗ್ ಎಂಟ್ರಿ ಆದ ಕೂಡಲೇ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ. ತಂದೆಯವರ ತೆರಿಗೆ ಕಾರ್ಡ್ ಇದ್ದುದರಿಂದ ಹಳೆಯ ತೆರಿಗೆಯ ಬಾಕಿಯ ಪ್ರಶ್ನೆ ನಮಗೆ ಏಳಲಿಲ್ಲ. ಆ ಕಾರ್ಡ್ ಇಲ್ಲದವರು ಬಿ ಎಕ್ಸ್‌ಟ್ರ್ಯಾಕ್ಟ್‌ನ ತೆರಿಗೆ ನಮೂದನ್ನು ಸೂಕ್ಷ್ಮವಾಗಿ ಓದಬೇಕು. 2019ರ ಏಪ್ರಿಲ್‌ಗಿಂತ ಹಿಂದಿನ ವಾಹನಗಳಿಗೂ ನಮ್ಮ ರಾಜ್ಯದಲ್ಲಿ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯವಾಗಿದೆ. ತಯಾರಿಕೆ ನಿಂತುಹೋದ ಕಾರಿಗೆ ಅದನ್ನು ಯಾರಿಂದ ಪಡೆಯಬೇಕೆಂಬುದನ್ನೂ ಅದೇ ಭೇಟಿಯಲ್ಲಿ ವಿಚಾರಿಸಿಕೊಳ್ಳಿ.

ತಪಾಸಣೆಯ ದಿನ ಮೋಟಾರು ವಾಹನ ನಿರೀಕ್ಷಕರು ಚಾಸಿ ಸಂಖ್ಯೆಯ ಪೆನ್ಸಿಲ್ ಅಚ್ಚನ್ನು ತಾವೇ ತೆಗೆದು ಹೋಲಿಸಿದರು. ದೀಪ, ಹಾರ್ನ್, ವೈಪರ್, ಕೈಬ್ರೇಕ್ ನೋಡಿದರು. ಸ್ಟಿಯರಿಂಗ್ ಕಂಬದ ಮೇಲಿನ ಗೇರಿನಲ್ಲಿ ಓಡಿಸಿ ಬ್ರೇಕ್ ಒತ್ತಿಸಿದರು. ಹೋಗುವಾಗ ಕಾರನ್ನು ಓಡಿಸಿಕೊಂಡು ಹೋಗದೆ ಟ್ರಕ್ಕಿನ ಮೇಲೆ ಏರಿಸಿಕೊಂಡು ಹೋಗಿದ್ದೆ, ಏಕೆಂದರೆ ನೋಂದಣಿ ಅವಧಿ ಮುಗಿದ ಗಾಡಿ ದಾರಿಯಲ್ಲಿ ಸಿಕ್ಕಿಬಿದ್ದರೆ, ಅಥವಾ ಅಪಘಾತವಾದರೆ, ವಿಮೆಯೂ ಕೈಕೊಡುತ್ತದೆ. ಕಾರ್ಡ್ ಬರುವವರೆಗಿನ ವಾರಗಳಲ್ಲೂ ಅಂಗಳದಲ್ಲಷ್ಟೇ ಎಂಜಿನ್ ಚಾಲೂ ಮಾಡುತ್ತಿದ್ದೆ.

ಈಗ ಅಕ್ಕನಿಗೆ ಕೊಟ್ಟ ಮಾತೂ ನೆರವೇರಿದೆ, ಅಮ್ಮನೂ ಮುಂದಿನ ಸೀಟಿನಲ್ಲಿ ಕುಳಿತು ಸಂತೆಗೆ ಹೋಗಿ ಬಂದಿದ್ದಾರೆ. ಹೊಸ ರಿಂಗ್ ಮತ್ತು ಬೇರಿಂಗುಗಳು ಕೂತುಕೊಳ್ಳುವವರೆಗೆ ಐವತ್ತು ಕಿಲೋಮೀಟರ್ ವೇಗ ದಾಟಿಸುತ್ತಿಲ್ಲ. ಮೊದಲ 500 ಕಿಲೋಮೀಟರ್‌ಗೆ ಎಣ್ಣೆ ಬದಲಾಯಿಸಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್ಟುಗಳನ್ನು ಮತ್ತೊಮ್ಮೆ ಕ್ರಮವಾಗಿ ಬಿಗಿಯಬೇಕೆಂದು ಮೇಸ್ತ್ರಿಯವರು ಹೇಳಿದ್ದಾರೆ. ನವೀಕರಣ ಐದು ವರ್ಷಕ್ಕೆ ಆಗಿದೆ. ಮುಂದಿನ ಬಾರಿ ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಲು ಬೇಕಾದ ಪ್ರತಿಗಳನ್ನೆಲ್ಲ ಒಂದು ಕಡತದಲ್ಲಿ ಹಾಕಿ, ಅದೇ ಟ್ರಂಕಿನಲ್ಲಿ ಇಟ್ಟಿದ್ದೇನೆ.